ಕರ್ಣಾಟಕದ ಕಿರುಚಿತ್ರರೂಪಗಳಲ್ಲಿ ವಸ್ತ್ರವಿನ್ಯಾಸ

೧. ಪ್ರಸ್ತಾವ

ಹೊಯ್ಸಳ ವಿಷ್ಣುವರ್ಧನನ ಬಿರುದುಗಳಲ್ಲಿ ತಲಕಾಡು ಕೊಂಗುಗಳ ಜತೆಯಲ್ಲಿಯೇ ನಂಗಲಿಯ ಹೆಸರೂ ಬರುವುದು. ಬೇಲೂರಿನ ಕ್ರಿ.ಶ. ೧೧೧೭ರ ಶಾಸನವು ಆತನ ರಾಜ್ಯದ ಎಲ್ಲೆಗಳನ್ನು ಎಣಿಸುವಾಗ ಮೂಡಲಿಗೆ ನಂಗಲಿಯ ಘಟ್ಟವನ್ನು ಹೇಳಿರುವುದು. ಈಗ ಮುಳಬಾಗಿಲು ತಾಲ್ಲೂಕಿಗೆ ಸೇರಿ, ಕೋಲಾರದಿಂದ ಪಲಮನೇರಿಗೆ ಹೋಗುವ ಹೆದ್ದಾರಿಯಲ್ಲಿ ಆಂಧ್ರದೇಶದ ಗಡಿಗೆ ಸಮೀಪವಾಗಿರುವ ಈ ಊರು, ಕನ್ನಡನಾಡಿನ ಪ್ರಸ್ಥಭೂಮಿಯಿಂದ ಕೆಳನಾಡಿಗೆ ಇಳಿಯುವವರಿಗೆ ಬಹುಕಾಲ ಹೊಸ್ತಿಲಾಗಿತ್ತು. ಮುಳಬಾಗಿಲೆಂಬ ಹೆಸರು ಮೂಡಲ ಬಾಗಿಲೆಂಬುದರಿಂದ ಬಂದುದೆಂದು ಹೇಳುವ ವಾಡಿಕೆಯೂ ಇದನ್ನೇ ಸೂಚಿಸುವುದು. ತಿರುಪತಿಗೆ ಹೊರಟ ಯಾತ್ರಿಕರು ಮುಳಬಾಗಿಲ ನರಸಿಂಹತೀರ್ಥದಲ್ಲಿ ಕ್ಷೌರ ಸ್ನಾನಗಳನ್ನು ತೀರಿಸಿಕೊಂಡು ಮುಂದೆ ಸಾಗುತ್ತಿದ್ದರು. ೧೭೯೧ರಲ್ಲಿ ಕಾರ್ನ್‌ವಾಲಿಸನ ಸೇನೆಯು ಮುಗಳಿಯ ಕಣಿವೆಯನ್ನೇರಿ ಕೋಲಾರ ಹೊಸಕೋಟೆಗಳ ಮಾರ್ಗವಾಗಿ ಬೆಂಗಳೂರಿಗೆ ಬಂದುದೂ ಈ ಸೀಮೆಯಿಂದಲೇ.

ಸೇನೆ ನಡೆದುದಕ್ಕೆ ಶಾಸನಗಳೂ ದಂಡಯಾತ್ರೆಯ ವರದಿಗಳೂ ಸಾಕ್ಷಿಯಾಗಿರುವುವು. ಯಾತ್ರೆಗೆ ತೀರ್ಥವೂ ದೇವಾಲಯವೂ ಸಾಕ್ಷಿ. ಆದರೆ ಈ ದಾರಿಯನ್ನು ತುಳಿದವರು ಏನನ್ನು ಉಟ್ಟಿದ್ದರು, ಎಂಥ ಅಂಚಿನ ಸೀರೆ, ಎಂಥ ಪಟ್ಟೆಯ ಪಂಚೆ, ಎಂಥ ಬುಟ್ಟಾದ ಮೇಲುಹೊದಿಕೆ ಎಂದು ಕೇಳಿದರೆ, ಕೈಗೆತ್ತಿ ತೋರಿಸುವಂಥ ವಸ್ತುವು ಸಿಕ್ಕುವುದು ಅಪೂರ್ವ. ನಮ್ಮ ನಾಡಿನ ಬಿಸಿಲು, ಮಳೆ, ಗೆದ್ದಲುಗಳ ಮುಂದೆ ಹತ್ತಿಯೂ ರೇಷ್ಮೆಯೂ ನಾಲ್ಕುನೂರು ವರ್ಷ ನಿಲ್ಲುವುದು ದುರ್ಲಭ. ಉಳಿದಿರುವ ಮುಖ್ಯ ಸಾಕ್ಷಿಗಳು ಎರಡು: ಕವಿಗಳು ಹೇಳಿದ ಹೆಸರುಗಳು, ಚಿತ್ರಕಾರರು ಬರೆದ ರೂಪಗಳು. ಕವಿಯು ದುಕೂಲ, ನೇತ್ರ, ಚೀನಾಂಬರ, ದೇವಾಂಗವೆಂದು ಹೆಸರನ್ನು ಕೊಡುವನು, ರೂಪವನ್ನು ಕೊಡನು. ಚಿತ್ರಕಾರನು ರೂಪವನ್ನು ಕೊಡುವನು, ಹೆಸರನ್ನು ಕೊಡನು. ಇವೆರಡನ್ನು ಹೊಂದಿಸುವ ಕೆಲಸ ವಿದ್ವಾಂಸರ ಪಾಲಿಗೆ ಬಿದ್ದಿರುವುದು.

ಈ ಕೆಲಸದಲ್ಲಿ ಎರಡು ವಿಧವಾದ ಪ್ರಮಾದಗಳಿಗೆ ಎಡೆಯುಂಟು. ಚಿತ್ರದಲ್ಲಿ ಕಂಡ ಬಟ್ಟೆಯೆಲ್ಲವೂ ಆ ಕಾಲದ ಬಟ್ಟೆಯ ಯಥಾವತ್ತಾದ ಪ್ರತಿಯೆಂದು ನಂಬಿ, ಅದರ ಬಣ್ಣ, ಬುಟ್ಟಾಗಳ ಸಂಖ್ಯೆ, ಅಂಚಿನ ಗೆರೆಗಳ ಲೆಕ್ಕಗಳನ್ನು ಇತಿಹಾಸವೆಂದು ಬರೆಯುವುದು ಒಂದು. ಮೈಯ ಮೇಲಿನ ಬಟ್ಟೆಯ ಮಡಿಕೆಗಳಲ್ಲಿ ವಿನ್ಯಾಸವು ಮುರಿಯದೆ ಚಪ್ಪಟೆಯಾಗಿ ನಿಂತಿರುವುದನ್ನು ಕಂಡು, ನಮ್ಮ ಚಿತ್ರಕಾರರಿಗೆ ಬಟ್ಟೆಯನ್ನು ಬರೆಯಲು ಬಾರದು, ಅವರ ವಿನ್ಯಾಸಗಳು ಬರಿಯ ಅಲಂಕಾರವೆಂದು ತಳ್ಳಿಹಾಕುವುದು ಇನ್ನೊಂದು. ಮೊದಲನೆಯದು ಅತಿವಿಶ್ವಾಸ, ಎರಡನೆಯದು ಅವಜ್ಞೆ. ಸಣ್ಣ ಪ್ರಮಾಣದ ರೂಪದ ಮೇಲೆ ನೆಯ್ಗೆಯ ವಿನ್ಯಾಸವನ್ನು ಬರೆಯುವುದಕ್ಕೆ ತನ್ನದೇ ಆದ ಒಂದು ಪದ್ಧತಿಯುಂಟು. ಅದನ್ನು ತಿಳಿದರೆ ಚಿತ್ರದ ಯಾವ ಮಾತನ್ನು ನಂಬಬಹುದು, ಯಾವುದನ್ನು ನಂಬಲಾಗದು ಎಂಬುದು ಸ್ಪಷ್ಟವಾಗುವುದು. ಇದನ್ನು ಶಾಸ್ತ್ರಗ್ರಂಥಗಳಿಂದಲೂ ಉಳಿದಿರುವ ಚಿತ್ರಗಳಿಂದಲೂ ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೨. ಶಾಸ್ತ್ರದ ಮಾತು

ಚಿತ್ರವಿಷಯವನ್ನು ಹೇಳುವ ಗ್ರಂಥಗಳಲ್ಲಿ ಇಲ್ಲಿ ಮುಖ್ಯವಾಗಿ ಬೇಕಾದುವು ಎರಡು. ಒಂದು, ವಿಷ್ಣುಧರ್ಮೋತ್ತರಪುರಾಣದ ತೃತೀಯಖಂಡದಲ್ಲಿರುವ ಚಿತ್ರಸೂತ್ರ. ಇನ್ನೊಂದು, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಭೂಲೋಕಮಲ್ಲ ಮೂರನೆಯ ಸೋಮೇಶ್ವರನ ಅಭಿಲಷಿತಾರ್ಥಚಿಂತಾಮಣಿ; ಮಾನಸೋಲ್ಲಾಸವೆಂಬುದು ಇದರದೇ ಹೆಸರು. ೧೨ನೆಯ ಶತಮಾನದ ಪೂರ್ವಾರ್ಧದಲ್ಲಿ ಕನ್ನಡನಾಡಿನಲ್ಲಿಯೇ ಹುಟ್ಟಿದ ಈ ಗ್ರಂಥದ ಮೊದಲ ಭಾಗವು ೧೯೨೬ರಲ್ಲಿ ಮೈಸೂರಿನಲ್ಲಿ ಅಚ್ಚಾಯಿತು.

ಚಿತ್ರಸೂತ್ರವು ವಸ್ತ್ರದ ವಿಷಯದಲ್ಲಿ ಹೇಳುವ ಎರಡು ಮಾತುಗಳು ಗಮನಾರ್ಹವಾಗಿವೆ. ಆಯಾ ದೇಶದ ಜನರನ್ನು ಆಯಾ ದೇಶದ ವೇಷದಿಂದಲೇ ಬರೆಯಬೇಕೆಂಬುದು ಮೊದಲನೆಯದು. ಹೀಗಾಗಿ ವೇಷವು ಚಿತ್ರಕಾರನ ಸ್ವೇಚ್ಛೆಗೆ ಬಿಟ್ಟ ಅಲಂಕಾರವಲ್ಲ. ಬರೆದ ವ್ಯಕ್ತಿಯನ್ನು ಗುರುತಿಸಲು ಬೇಕಾದ ಲಕ್ಷಣ. ಎರಡನೆಯದು ಇನ್ನೂ ಸೂಕ್ಷ್ಮವಾದುದು: ಅಲೆ, ಜ್ವಾಲೆ, ಹೊಗೆ, ಪತಾಕೆಗಳನ್ನೂ ವಸ್ತ್ರವನ್ನೂ ಗಾಳಿಯ ಗತಿಗೆ ಅನುಸಾರವಾಗಿ ಬರೆಯಬಲ್ಲವನೇ ಚಿತ್ರವನ್ನು ತಿಳಿದವನೆಂದು ಅಲ್ಲಿ ಹೇಳಿದೆ. ವಸ್ತ್ರದ ಚಲನವನ್ನು ತೋರಿಸುವುದು ಶಾಸ್ತ್ರಕಾರನಿಗೆ ಅಜ್ಞಾತವಲ್ಲ, ಅಮುಖ್ಯವೂ ಅಲ್ಲ. ಅದು ನಿಪುಣತೆಯ ಪರೀಕ್ಷೆಯೇ ಆಗಿದೆ. ಆದರೆ ಆ ಚಲನವು ಯಾವುದರಲ್ಲಿ ಕಾಣಬೇಕು? ಅಲೆಗೂ ಜ್ವಾಲೆಗೂ ಹೊಗೆಗೂ ನೆಯ್ಗೆಯ ವಿನ್ಯಾಸವಿಲ್ಲ. ಅವುಗಳ ಚಲನವು ಹೊರರೇಖೆಯಲ್ಲಿಯೇ ಕಾಣತಕ್ಕದ್ದು. ಅದೇ ಪಂಕ್ತಿಯಲ್ಲಿ ಸೇರಿದ ವಸ್ತ್ರದ ಚಲನವೂ ರೇಖೆಯ ಕೆಲಸವೆಂದು ತಿಳಿಯುವುದು ಯುಕ್ತ. ರೇಖೆಯನ್ನು ಮೆಚ್ಚುವವರು ಆಚಾರ್ಯರೆಂದು ಅದೇ ಗ್ರಂಥವು ಹೇಳುವುದೂ ಇದಕ್ಕೆ ಪೋಷಕವಾಗಿದೆ.

ಸೋಮೇಶ್ವರನ ಗ್ರಂಥವು ಉಪಕರಣಗಳನ್ನು ವಿವರವಾಗಿ ಹೇಳುವುದು. ಎಮ್ಮೆಯ ತೊಗಲನ್ನು ಬೇಯಿಸಿ ತೆಗೆದ ವಜ್ರಲೇಪ, ಕಾಡಿಗೆಯನ್ನು ಅನ್ನದ ಅಗುಳಿನೊಡನೆ ಅರೆದು ಮಾಡಿದ ವರ್ತಿಕೆ, ಕರುವಿನ ಕಿವಿಯ ರೋಮವನ್ನು ಅರಗಿನಿಂದ ಕಟ್ಟಿದ ಲೇಖನಿ ಇವೆಲ್ಲ ಅಲ್ಲಿ ಬಂದಿವೆ. ಲೇಖನಿಯಲ್ಲಿ ಸ್ಥೂಲ, ಮಧ್ಯಮ, ಸೂಕ್ಷ್ಮವೆಂಬ ಮೂರು ಭೇದಗಳು. ಬಣ್ಣವನ್ನು ತುಂಬುವುದಕ್ಕೊಂದು, ಗೆರೆಗೊಂದು, ಅತಿಸಣ್ಣ ಕೆಲಸಕ್ಕೊಂದು ಎಂಬ ಈ ವಿಭಾಗವೇ ವಸ್ತ್ರವನ್ನು ಬರೆಯುವ ಕ್ರಮವನ್ನೂ ತಿಳಿಸುವಂತಿದೆ. ಅದೇ ಗ್ರಂಥದ ಇನ್ನೊಂದು ವಿಭಾಗವೂ ಪ್ರಕೃತಕ್ಕೆ ಉಪಯುಕ್ತ. ಕನ್ನಡಿಯ ಪ್ರತಿಬಿಂಬದಂತೆ ಸಾದೃಶ್ಯವುಳ್ಳದ್ದು ವಿದ್ಧಚಿತ್ರ, ಆಕಾರದ ಸೂಚನೆಯಿಂದಲೇ ತೃಪ್ತವಾದುದು ಅವಿದ್ಧಚಿತ್ರ. ಚಿತ್ರವೆಂದರೆ ಸಾದೃಶ್ಯವೊಂದೇ ಎಂದು ಶಾಸ್ತ್ರವು ಹೇಳಲಿಲ್ಲವೆಂಬುದು ಇದರಿಂದ ವಿದಿತವಾಗುವುದು.

ಸೋಮೇಶ್ವರನು ಚಿತ್ರವನ್ನು ಗೃಹೋಪಭೋಗದಲ್ಲಿಯೂ ಬಟ್ಟೆಯನ್ನು ವಸ್ತ್ರೋಪಭೋಗದಲ್ಲಿಯೂ ಹೇಳಿದನು. ಎರಡೂ ಮೂರನೆಯ ವಿಂಶತಿಗೇ ಸೇರಿದುವು. ವಸ್ತ್ರೋಪಭೋಗದಲ್ಲಿ ನಾಗಪಟ್ಟಣ, ಸಿಂಹಳ, ಕಳಿಂಗ, ವಂಗ, ಮೂಲಸ್ಥಾನ, ಮಹಾಚೀನಗಳಿಂದ ಬಂದ ಬಟ್ಟೆಗಳ ಹೆಸರುಂಟು. ಬಗೆಬಗೆಯ ಬಣ್ಣಗಳ, ಗೆರೆಗಳ, ಬಿಂದುಗಳ ಮಾತುಂಟು. ಕಡಲ ತೀರದ ನಾಗಪಟ್ಟಣದ ಸರಕು ಕಲ್ಯಾಣಕ್ಕೆ ಬರಬೇಕಾದರೆ ಘಟ್ಟಗಳನ್ನು ಹತ್ತಿಯೇ ಬರಬೇಕು. ನಂಗಲಿಯಂಥ ಗಡಿಯೂರುಗಳಿಗೂ ಬಟ್ಟೆಯ ಇತಿಹಾಸಕ್ಕೂ ಇರುವ ನಂಟು ಇಂಥದು. ಬಟ್ಟೆಯನ್ನು ಇಷ್ಟು ಸೂಕ್ಷ್ಮವಾಗಿ ಬಲ್ಲ ನಾಡಿನಲ್ಲಿ ಚಿತ್ರಕಾರನು ಮಾತ್ರ ಬಟ್ಟೆಯನ್ನು ಅರಿಯದೆ ಬರೆದನೆಂದು ಹೇಳುವುದು ಸಾಹಸದ ಮಾತಾದೀತು.

೩. ಲೇಪಾಕ್ಷಿಯ ಛಾವಣಿ

ನಂಗಲಿಯ ಸೀಮೆಗೆ ಸಮೀಪದಲ್ಲಿ ವಿಪುಲವಾಗಿ ಉಳಿದಿರುವ ಚಿತ್ರಸಂಪತ್ತು ಲೇಪಾಕ್ಷಿಯ ವೀರಭದ್ರದೇವಾಲಯದ್ದು. ನಂಗಲಿಯಿಂದ ವಾಯವ್ಯಕ್ಕೆ ಕೋಲಾರ ಚಿಕ್ಕಬಳ್ಳಾಪುರಗಳ ಸೀಮೆಯನ್ನು ದಾಟಿದರೆ ಹಿಂದೂಪುರದ ಬಳಿಯಲ್ಲಿ ಈ ಸ್ಥಳವು ಸಿಕ್ಕುವುದು. ೨೦೨೨ರವರೆಗೆ ಅನಂತಪುರ ಜಿಲ್ಲೆಗೆ ಸೇರಿದ್ದು, ಆ ವರ್ಷದಿಂದ ಶ್ರೀ ಸತ್ಯಸಾಯಿ ಜಿಲ್ಲೆಯಲ್ಲಿದೆ. ವಿಜಯನಗರದ ಆಡಳಿತದಲ್ಲಿ ನಂಗಲಿಯ ಪ್ರದೇಶವು ಮುಳುವಾಯಿಗೆ ಸೇರಿದಂತೆ ಇದು ಪೆನುಗೊಂಡೆಗೆ ಸೇರಿತ್ತು. ಅಚ್ಯುತದೇವರಾಯನ (೧೫೨೯-೧೫೪೨) ಆಳ್ವಿಕೆಯಲ್ಲಿ ವಿರೂಪಣ್ಣ, ವೀರಣ್ಣರೆಂಬ ಸೋದರರು ಈ ದೇವಾಲಯವನ್ನು ವಿಸ್ತರಿಸಿ ಅಲಂಕರಿಸಿದರು. ಇಲ್ಲಿಯ ಶಾಸನಗಳಲ್ಲಿ ಕನ್ನಡದ ಶಾಸನಗಳೂ ಇರುವುದರಿಂದ ಕನ್ನಡಿಗರಿಗೆ ಇದು ಪರಸ್ಥಳವಲ್ಲ.

ಮಂಟಪಗಳ ಛಾವಣಿಯ ಕಲ್ಲಿನ ಮೇಲೆ ಗಾರೆಯ ಲೇಪವನ್ನು ಕೊಟ್ಟು, ಅದನ್ನು ಉದ್ದುದ್ದವಾದ ಪಟ್ಟಿಗಳಾಗಿ ವಿಭಾಗಿಸಿ ಕಥೆಗಳನ್ನು ಬರೆದಿದ್ದಾರೆ. ಪಾರ್ವತೀಪರಿಣಯ, ದ್ರೌಪದೀಸ್ವಯಂವರ, ಕಿರಾತಾರ್ಜುನೀಯ, ಶ್ರೀರಾಮಪಟ್ಟಾಭಿಷೇಕ, ಮನುನೀತಿಚೋಳನ ಕಥೆ ಇವು ಮುಖ್ಯವಾದುವು. ವೀರಭದ್ರನ ಬೃಹದ್ರೂಪವೊಂದನ್ನು ಬಿಟ್ಟರೆ ಕಥಾಪಟ್ಟಿಗಳಲ್ಲಿ ನಿಂತವರೆಲ್ಲ ಕಿರುರೂಪದವರು; ಸಾಲಾಗಿ, ಒಬ್ಬರ ಪಕ್ಕದಲ್ಲೊಬ್ಬರು, ಬಹುಮಟ್ಟಿಗೆ ಪಾರ್ಶ್ವಮುಖರಾಗಿ ನಿಂತಿರುವರು. ಕಾವಿ, ಹಳದಿ, ಹಸುರು, ಕಪ್ಪು, ಬಿಳುಪು ಇವೇ ಪ್ರಧಾನವಾದ ಬಣ್ಣಗಳು. ಗಾಢವಾದ ನೆಳಲಿಲ್ಲ, ದೂರಸಮೀಪಗಳ ಭ್ರಮೆಯಿಲ್ಲ. ರೂಪದ ಬಾಹ್ಯರೇಖೆಯೂ ಉಡುಪಿನ ವಿನ್ಯಾಸವೂ ಸೇರಿ ಚಿತ್ರದ ಭಾರವನ್ನೆಲ್ಲ ಹೊತ್ತಿರುವುವು.

ಈ ಸಾಲುಗಳಲ್ಲಿ ಬಟ್ಟೆಯ ಭೇದಗಳು ಎಷ್ಟೋ ಉಂಟು. ಅಡ್ಡಗೆರೆಯವು, ಪಟ್ಟೆಯವು, ಚೌಕಳಿಯವು, ಚುಕ್ಕೆಯವು, ಹೂವಿನ ಬುಟ್ಟಾದವು, ಬಳ್ಳಿಯ ಅಂಚಿನವು ಎಂದು ಸ್ಥೂಲವಾಗಿ ವಿಂಗಡಿಸಬಹುದು. ಪಾರ್ವತೀಪರಿಣಯದ ಚಿತ್ರದಲ್ಲಿ ನಿಂತ ಸ್ತ್ರೀಯರ ಸೀರೆಗಳನ್ನು ಒಂದೊಂದಾಗಿ ನೋಡಿದರೆ, ಮದುವೆಯ ಮನೆಯಲ್ಲಿ ಸೇರಿದ ಹೆಂಗಸರ ನಡುವೆ ಕಣ್ಣು ಹಾಯಿಸಿದಂತಾಗುವುದು. ಇನ್ನು ಆಸ್ಥಾನಿಕರೂ ದಾತೃಗಳೂ ಎತ್ತರವಾದ ಕುಲ್ಲಾಯಿಗಳನ್ನು ಧರಿಸಿರುವರು. ಆ ಕುಲ್ಲಾಯಿಗಳ ಮೇಲೆಯೂ ವಿನ್ಯಾಸವುಂಟು.

ಇಲ್ಲಿ ಮುಖ್ಯವಾಗಿ ಪರೀಕ್ಷಿಸಬೇಕಾದುದು ಮಡಿಕೆ ಮತ್ತು ವಿನ್ಯಾಸಗಳ ಸಂಬಂಧ. ತೊಡೆಯ ಮೇಲೆ ಹರಡಿದ ಬಟ್ಟೆಯಲ್ಲಿ ಚೌಕಳಿಯು ನೇರವಾಗಿ ನಡೆದಿದೆ. ಮೈಯ ಉಬ್ಬು ತಗ್ಗುಗಳಿಗೆ ಅದು ಬಾಗದು. ಸೆರಗಿನ ತುದಿ ಮಾತ್ರ ಚೂಪಾಗಿ ಹೊರಕ್ಕೆ ಚಾಚಿದೆ. ನಿರಿಗೆಯ ಕೊನೆಗಳು ಗೆರೆಗಳಿಂದ ವಿಭಕ್ತವಾಗಿವೆ. ಮಡಿಕೆಯನ್ನು ಬರೆಯಲು ತಿಳಿಯದವನು ನಿರಿಗೆಯನ್ನೂ ಬರೆಯಲಾರನು. ನಿರಿಗೆಯನ್ನು ಬರೆದವನು ಚೌಕಳಿಯನ್ನು ಬಾಗಿಸದೆ ಬಿಟ್ಟನೆಂದರೆ, ಬೇಕೆಂದೇ ಬಿಟ್ಟನೆಂದು ತಿಳಿಯಬೇಕು. ಅವನ ಕೈಯಲ್ಲಿ ಕೆಲಸವು ಎರಡು ಪಾಲಾಗಿದೆ. ರೇಖೆಯು ಗಾಳಿಯನ್ನೂ ಮೈಯ ನಿಲುವನ್ನೂ ಹೇಳುವುದು. ವಿನ್ಯಾಸವು ಮಗ್ಗವನ್ನು ಹೇಳುವುದು. ಒಂದರ ಮಾತನ್ನು ಇನ್ನೊಂದು ಕೆಡಿಸದಂತೆ ಅವನು ನೋಡಿಕೊಂಡಿರುವನು.

ಇದಕ್ಕೆ ಕಾರ್ಯಗತವಾದ ಕಾರಣವೂ ಉಂಟು. ಆಳೆತ್ತರದ ಚಿತ್ರದಲ್ಲಿ ಮಡಿಕೆಯೊಳಗೆ ಹೊಕ್ಕ ಬುಟ್ಟಾ ಅರ್ಧ ಮರೆಯಾದರೂ ಉಳಿದರ್ಧದಿಂದ ಅದರ ರೂಪವು ತಿಳಿಯುವುದು. ಕಿರುರೂಪದಲ್ಲಿ ಬುಟ್ಟಾ ಎಂದರೆ ಲೇಖನಿಯ ಮೂರು ನಾಲ್ಕು ಸ್ಪರ್ಶಗಳು. ಅದನ್ನು ಮಡಿಕೆಯಲ್ಲಿ ಮುರಿದರೆ ಉಳಿಯುವುದು ಕಲೆ, ಹೂವಲ್ಲ. ಇದರ ಮೇಲೆ, ಈ ಚಿತ್ರಗಳನ್ನು ನೋಡುವವನು ಕೆಳಗೆ ನೆಲದ ಮೇಲೆ ನಿಂತು ಕತ್ತೆತ್ತಿ ಮಂಟಪದ ಮಂದವಾದ ಬೆಳಕಿನಲ್ಲಿ ನೋಡಬೇಕು. ಮೊದಲು ಬಟ್ಟೆಯ ಒಡಲಿಗೆ ಒಂದೇ ಬಣ್ಣವನ್ನು ಸಮವಾಗಿ ತುಂಬಿ, ಅದು ಗಾಢವಾದರೆ ಬಿಳಿಯ ಗೆರೆಗಳಿಂದಲೂ ತಿಳಿಯಾದರೆ ಕಾವಿ ಅಥವಾ ಕಪ್ಪು ಗೆರೆಗಳಿಂದಲೂ ವಿನ್ಯಾಸವನ್ನೆತ್ತಿ, ಸಂಧಿಗಳಲ್ಲಿ ಚುಕ್ಕೆಗಳನ್ನಿಟ್ಟು, ಕಡೆಯಲ್ಲಿ ಅಂಚನ್ನೂ ಹೊರರೇಖೆಯನ್ನೂ ಬಿಗಿದರೆ ಮಾತ್ರ ಅಷ್ಟು ದೂರಕ್ಕೆ ಅದು ಸೀರೆಯಾಗಿ ಕಾಣುವುದು. ಸೋಮೇಶ್ವರನು ಹೇಳಿದ ಮೂರು ಲೇಖನಿಗಳ ಕೆಲಸವೂ ಈ ಕ್ರಮದಲ್ಲಿ ಅಡಗಿದೆ.

ವಿನ್ಯಾಸವು ಮಡಿಕೆಯಲ್ಲಿ ಮುರಿಯಬೇಕೆಂಬ ಅಭಿರುಚಿಯು ನಮ್ಮಲ್ಲಿ ಬಲವಾದುದು ತೈಲವರ್ಣಚಿತ್ರಗಳು ಬಂದ ಮೇಲೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ರಾಜಾ ರವಿವರ್ಮನ (೧೮೪೮-೧೯೦೬) ಚಿತ್ರಗಳಲ್ಲಿ ಸೀರೆಯ ಜರಿಯಂಚು ಬೆಳಕಿನಲ್ಲಿ ಮಿಂಚಿ, ನೆಳಲಿನಲ್ಲಿ ಮಂಕಾಗಿ, ಮಡಿಕೆಯಲ್ಲಿ ಮರೆಯಾಗುವುದು. ಅದು ಒಂದು ಸಿದ್ಧಿ. ಆದರೆ ಆ ಅಳತೆಗೋಲಿನಿಂದ ಲೇಪಾಕ್ಷಿಯನ್ನು ಅಳೆದವರು, ಬೇರೊಂದು ಪ್ರಶ್ನೆಗೆ ಕೊಟ್ಟ ಉತ್ತರವನ್ನು ತಪ್ಪೆಂದಂತಾಯಿತು.

೪. ಹೊರಗಿನ ಸಾಕ್ಷಿಗಳು

ವಿನ್ಯಾಸವು ಮಗ್ಗದ ಮಾತೆಂದು ಚಿತ್ರದಿಂದಲೇ ಸಾಧಿಸಿದರೆ ಅನ್ಯೋನ್ಯಾಶ್ರಯದೋಷವು ಬಂದೀತು. ಹೊರಗಿನ ಸಾಕ್ಷಿಯು ಅವಶ್ಯ. ಅದೃಷ್ಟವಶದಿಂದ ಅಂಥ ಸಾಕ್ಷಿಗಳು ಮೂರು ದೊರಕುವುವು.

ಮೊದಲನೆಯದು ಪರದೇಶದ ಪ್ರವಾಸಿಗಳದು. ಪೋರ್ಚುಗೀಸರಾದ ದೊಮಿಂಗೊ ಪಾಯೆಸನು ಸುಮಾರು ೧೫೨೦ರಲ್ಲಿಯೂ ಫೆರ್ನಾವೊ ನೂನಿಜನು ಸುಮಾರು ೧೫೩೫ರಲ್ಲಿಯೂ ವಿಜಯನಗರವನ್ನು ಕಂಡು ಬರೆದರು. ರಾಬರ್ಟ್ ಸಿವೆಲ್ಲನು ೧೯೦೦ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಎರಡು ಬರೆಹಗಳನ್ನೂ ಇಂಗ್ಲಿಷಿಗೆ ಅನುವಾದಿಸಿದನು. ಕೃಷ್ಣದೇವರಾಯನು ಬಿಳಿಯ ಬಟ್ಟೆಯ ಮೇಲೆ ಚಿನ್ನದ ಗುಲಾಬಿಗಳ ಕೆಲಸವಿದ್ದುದನ್ನು ಉಟ್ಟಿದ್ದನೆಂದು ಪಾಯೆಸನು ಹೇಳಿರುವನು. ಅಚ್ಯುತರಾಯನ ಕಾಲದವನಾದ ನೂನಿಜನು ಅರಸನ ಉಡುಪು ಚಿನ್ನದ ಕೆಲಸದ ರೇಷ್ಮೆಯದೆಂದೂ, ತಲೆಯ ಮೇಲೆ ಧರಿಸುವ ಜರತಾರಿಯ ಟೊಪ್ಪಿಗೆಗೆ ಕುಲ್ಲಾಯಿಗೆ ಸಮೀಪವಾದ ಹೆಸರಿತ್ತೆಂದೂ ಬರೆದಿರುವನು. ನೂನಿಜನು ಕಂಡ ಆಸ್ಥಾನವೂ ಲೇಪಾಕ್ಷಿಯ ಛಾವಣಿಯೂ ಒಂದೇ ದಶಕದವು. ಛಾವಣಿಯ ಮೇಲಿನ ವಿನ್ಯಾಸಸಹಿತವಾದ ಕುಲ್ಲಾಯಿಯು ಚಿತ್ರಕಾರನ ಕಲ್ಪನೆಯಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಪ್ರಮಾಣವು ಬೇಡ.

ಕುಲ್ಲಾಯಿ ಎಂಬ ಪದವು ಪಾರಸಿಯ ಕುಲಾಹದಿಂದಲೂ, ಅದೇ ಕಾಲದ ನಿಲುವಂಗಿಯಾದ ಕಬಾಯಿ ಎಂಬುದು ಅರಬ್ಬಿಯ ಕಬಾ ಎಂಬುದರಿಂದಲೂ ಬಂದುವು. ೧೯೯೬ರಲ್ಲಿ ಫಿಲಿಪ್ ವ್ಯಾಗನರ್ ಎಂಬ ವಿದ್ವಾಂಸರು ವಿಜಯನಗರದ ಆಸ್ಥಾನವೇಷವನ್ನು ವಿಮರ್ಶಿಸಿ, ಅದು ಇಸ್ಲಾಮೀ ಜಗತ್ತಿನ ರಾಜಸಭೆಗಳ ವೇಷದೊಡನೆ ಸಂಬಂಧವುಳ್ಳದ್ದೆಂದು ತೋರಿಸಿದರು. ದೇಶಾನುರೂಪವಾದ ವೇಷವನ್ನು ಬರೆಯಬೇಕೆಂಬ ಶಾಸ್ತ್ರನಿಯಮವನ್ನು ಚಿತ್ರಕಾರನು ಎಷ್ಟು ನಿಷ್ಠೆಯಿಂದ ಪಾಲಿಸಿದನೆಂದರೆ, ಪುರಾಣಕಥೆಯನ್ನು ಬರೆಯುವ ಛಾವಣಿಯಲ್ಲಿಯೂ ತನ್ನ ಕಾಲದ ಸಭಾವೇಷಕ್ಕೆ ಎಡೆಕೊಟ್ಟನು.

ಎರಡನೆಯ ಸಾಕ್ಷಿಯು ಲೇಪಾಕ್ಷಿಯಲ್ಲಿಯೇ ಇರುವ ಲತಾಮಂಟಪ. ಇದರ ಕಂಬಗಳ ಮುಖಗಳಲ್ಲಿ ಹೂ, ಬಳ್ಳಿ, ಪಕ್ಷಿ, ಚೌಕಳಿಗಳ ವಿನ್ಯಾಸಗಳನ್ನು ಒಂದಕ್ಕೊಂದು ಹೋಲದಂತೆ ಕೊರೆದಿದ್ದಾರೆ. ಕಲ್ಲಿಗೆ ಮೈಯೂ ಇಲ್ಲ, ಮಡಿಕೆಯೂ ಇಲ್ಲ. ಹಾಸಿದ ಬಟ್ಟೆಯ ಹಾಗೆ ವಿನ್ಯಾಸವೊಂದೇ ಇದೆ. ನೇಕಾರರು ಇವುಗಳಿಂದ ಸೀರೆಯ ಅಂಚುಗಳಿಗೆ ಮಾದರಿಯನ್ನು ತೆಗೆದುಕೊಂಡಿರುವರು. ಮಗ್ಗದಿಂದ ಕಲ್ಲಿಗೆ ಹೋದುದು ಕಲ್ಲಿನಿಂದ ಮಗ್ಗಕ್ಕೆ ಮರಳಿತೆನ್ನಬಹುದು. ಛಾವಣಿಯ ಕಿರುರೂಪಗಳಲ್ಲಿ ನಾಲ್ಕು ಗೆರೆಗಳಾಗಿ ಸಂಕ್ಷಿಪ್ತವಾದ ಬಳ್ಳಿಯು ಪೂರ್ಣರೂಪದಲ್ಲಿ ಹೇಗಿದ್ದೀತೆಂದು ಊಹಿಸುವುದಕ್ಕೆ ಈ ಕಂಬಗಳು ಭಾಷ್ಯದಂತಿವೆ.

ಮೂರನೆಯದು ನಂಗಲಿಯ ದಾರಿಯನ್ನೇ ಹಿಡಿದು ಕೆಳಗಿಳಿದರೆ ಸಿಕ್ಕುವುದು. ತಿರುಮಲೆಯ ದೇವಾಲಯದಲ್ಲಿ ಕೃಷ್ಣದೇವರಾಯನೂ ಆತನ ಇಬ್ಬರು ರಾಣಿಯರೂ ಕೈಮುಗಿದು ನಿಂತಿರುವ ಲೋಹಪ್ರತಿಮೆಗಳಿವೆ. ಅವರ ಉಡುಪಿನ ಮೇಲೆಯೂ ವಿನ್ಯಾಸವನ್ನು ಕೊರೆದಿದೆ. ರಾಯನ ತಲೆಯ ಮೇಲೆ ಎತ್ತರವಾದ ಕುಲ್ಲಾಯಿಯಿದೆ. ಲೋಹ, ಶಿಲೆ, ಬಣ್ಣ ಈ ಮೂರು ಮಾಧ್ಯಮಗಳ ಶಿಲ್ಪಿಗಳೂ ಬಟ್ಟೆಯ ವಿನ್ಯಾಸವನ್ನು ಬಿಡದೆ ದಾಖಲೆ ಮಾಡಿದರೆಂದ ಮೇಲೆ, ಅದು ಖಾಲಿಯಾದ ಎಡೆಯನ್ನು ತುಂಬುವ ಯುಕ್ತಿಯೆಂಬ ಮಾತು ನಿಲ್ಲದು.

೫. ಸಂಕ್ಷೇಪದ ನಿಯಮಗಳು

ಹಾಗಾದರೆ ಚಿತ್ರದ ಬಟ್ಟೆಯನ್ನು ಪೂರ್ಣವಾಗಿ ನಂಬಬಹುದೆ? ನಂಬಲಾಗದು. ರೂಪವು ಕಿರಿದಾದಂತೆ ಚಿತ್ರಕಾರನು ಕೆಲವನ್ನು ಬಿಡಬೇಕು, ಕೆಲವನ್ನು ಹಿಗ್ಗಿಸಬೇಕು. ಅವನು ಅನುಸರಿಸಿದ ನಿಯಮಗಳನ್ನು ಚಿತ್ರಗಳಿಂದಲೇ ಹೀಗೆ ಎತ್ತಿಕೊಳ್ಳಬಹುದು.

ಮೊದಲನೆಯದು ಸಂಖ್ಯೆಯ ನಿಯಮ. ನಿಜವಾದ ಸೀರೆಯ ಒಡಲಿನಲ್ಲಿ ನೂರಾರು ಬುಟ್ಟಾಗಳಿದ್ದರೆ ಕಿರುರೂಪದಲ್ಲಿ ಎಂಟು ಹತ್ತು ಕಾಣುವುವು. ಅಂಚಿನ ಅನೇಕ ಎಳೆಗಳು ಎರಡು ಮೂರು ಗೆರೆಗಳಾಗುವುವು. ಜಾತಿಯನ್ನು ಉಳಿಸಿ ಲೆಕ್ಕವನ್ನು ಬಿಡುವುದು ಇದರ ಸ್ವರೂಪ. ಆದುದರಿಂದ ಚುಕ್ಕೆಯ ಬಟ್ಟೆಯಿತ್ತೆಂಬುದು ಸಾಕ್ಷ್ಯ, ಗೇಣಿಗೆ ಎಷ್ಟು ಚುಕ್ಕೆಯೆಂಬುದು ಸಾಕ್ಷ್ಯವಲ್ಲ.

ಎರಡನೆಯದು ವಿಭಜನೆಯ ನಿಯಮ. ಸಾಲಾಗಿ ಒತ್ತೊತ್ತಾಗಿ ನಿಂತವರಲ್ಲಿ ಒಬ್ಬರ ಮೈ ಎಲ್ಲಿ ಮುಗಿದು ಇನ್ನೊಬ್ಬರದು ಎಲ್ಲಿ ಆರಂಭವಾಯಿತೆಂಬುದು ನೋಡುವವನಿಗೆ ತಿಳಿಯಬೇಕು. ನೆಳಲಿಲ್ಲದ ಚಿತ್ರದಲ್ಲಿ ಇದಕ್ಕೆ ಉಪಾಯವು ಉಡುಪಿನ ವ್ಯತ್ಯಾಸವೇ. ಪಟ್ಟೆಯ ಪಕ್ಕದಲ್ಲಿ ಚುಕ್ಕೆ, ಚುಕ್ಕೆಯ ಪಕ್ಕದಲ್ಲಿ ಚೌಕಳಿ, ಗಾಢದ ಪಕ್ಕದಲ್ಲಿ ತಿಳಿ. ಒಂದು ಗುಂಪಿನಲ್ಲಿ ಒಬ್ಬೊಬ್ಬರೂ ಬೇರೆ ಬೇರೆ ಬಟ್ಟೆಯನ್ನು ಉಟ್ಟಿರುವುದರಿಂದ, ಅವರು ಬೇರೆ ಬೇರೆ ಅಂತಸ್ತಿನವರೆಂದೋ ಕುಲದವರೆಂದೋ ಊಹಿಸುವುದು ಅಪಾಯಕರ. ಅದು ಸಮಾಜದ ವ್ಯವಸ್ಥೆಯಲ್ಲದೆ ಚಿತ್ರದ ವ್ಯವಸ್ಥೆಯೂ ಆಗಿರಬಹುದು.

ಮೂರನೆಯದು ವರ್ಣದ ನಿಯಮ. ಬಣ್ಣಗಾರನ ತೊಟ್ಟಿಯಲ್ಲಿ ನೀಲಿಯಿತ್ತು, ಮಂಜಿಷ್ಠವಿತ್ತು, ಅರಗಿನ ಕೆಂಪಿತ್ತು. ಭಿತ್ತಿಯನ್ನು ಬರೆಯುವವನು ಸುಣ್ಣದ ಗಾರೆಯ ಮೇಲೆ ನಿಲ್ಲುವ ಬಣ್ಣಗಳನ್ನೇ ನೆಚ್ಚಬೇಕು. ಅವನಲ್ಲಿದ್ದುವು ಮುಖ್ಯವಾಗಿ ಮಣ್ಣಿನ ಬಣ್ಣಗಳು. ಲೇಪಾಕ್ಷಿಯ ಸೀರೆಗಳು ಕಾವಿ ಹಳದಿಗಳಾಗಿ ಕಾಣುವುವೆಂದು ಆ ಕಾಲದ ಸ್ತ್ರೀಯರು ಕಾವಿ ಹಳದಿಗಳನ್ನೇ ಉಟ್ಟರೆಂದು ಬರೆದರೆ, ಚಿತ್ರಕಾರನ ಬಟ್ಟಲನ್ನು ಬಣ್ಣಗಾರನ ತೊಟ್ಟಿಯೆಂದು ಭ್ರಮಿಸಿದಂತಾಗುವುದು.

ಈ ಮೂರನ್ನೂ ಕಳೆದ ಮೇಲೆ ಉಳಿಯುವುದು ಅಲ್ಪವೇನಲ್ಲ. ವಿನ್ಯಾಸದ ಜಾತಿ, ಅಂಚಿಗೂ ಒಡಲಿಗೂ ಇರುವ ಸಂಬಂಧ, ಸೆರಗಿನ ಆಕಾರ, ಕಚ್ಚೆ ನಿರಿಗೆಗಳ ಕ್ರಮ, ಶಿರೋವೇಷದ ರೂಪ ಇವು ವಿಶ್ವಾಸಾರ್ಹವಾದುವು. ವಿನ್ಯಾಸವನ್ನು ಮಡಿಕೆಯಲ್ಲಿ ಮುರಿಯದೆ ಬಿಟ್ಟುದರಿಂದಲೇ ಇವು ನಮಗೆ ಓದಲು ದಕ್ಕಿದುವು. ಯಾವುದನ್ನು ಅವನ ಅಜ್ಞಾನವೆಂದರೋ ಅದೇ ಇತಿಹಾಸಕ್ಕೆ ಉಪಕಾರವಾಯಿತು.

೬. ಈಚಿನ ಕಾಲದ ಉದಾಹರಣೆಗಳು

ಇದೇ ಸಮಸ್ಯೆಯು ಈಚಿನ ಕಾಲದಲ್ಲಿ ಬೇರೆ ಬೇರೆ ರೂಪಗಳನ್ನು ತಾಳಿದುದನ್ನು ಮೂರು ನಾಲ್ಕು ಉದಾಹರಣೆಗಳಿಂದ ನೋಡಬಹುದು.

ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ಟಿಪ್ಪು ಸುಲ್ತಾನನು ೧೭೮೪ರಲ್ಲಿ ಕಟ್ಟಿಸಿದನು. ಅದರ ಗೋಡೆಯ ಮೇಲೆ ೧೭೮೦ರ ಸೆಪ್ಟೆಂಬರಿನಲ್ಲಿ ಕಂಚಿಯ ಸಮೀಪದ ಪೊಳ್ಳಿಲೂರಿನಲ್ಲಿ ನಡೆದ ಯುದ್ಧವು ಚಿತ್ರಿತವಾಗಿದೆ. ಪಲ್ಲಕ್ಕಿಯಲ್ಲಿ ಕುಳಿತ ಕರ್ನಲ್ ಬೈಲಿ, ಸುತ್ತಲೂ ಚೌಕವಾಗಿ ನಿಂತ ಕೆಂಪು ಅಂಗಿಯ ಸಿಪಾಯಿಗಳು, ಆನೆಯ ಮೇಲಿನ ಹೈದರನು, ಸಾಲುಸಾಲಾಗಿ ನುಗ್ಗುವ ಕುದುರೆಯ ಸವಾರರು ಎಲ್ಲರೂ ಕಿರುರೂಪದಲ್ಲಿರುವರು. ಲೇಪಾಕ್ಷಿಯಲ್ಲಿ ಪಕ್ಕದವರನ್ನು ಬೇರ್ಪಡಿಸಲು ಬಟ್ಟೆಯನ್ನು ಬದಲಿಸಿದರೆ, ಇಲ್ಲಿ ಒಂದು ಪಡೆಯವರನ್ನು ಒಂದುಗೂಡಿಸಲು ಒಂದೇ ಬಟ್ಟೆಯನ್ನು ಮತ್ತೆ ಮತ್ತೆ ಬರೆಯಬೇಕಾಯಿತು. ಸಮವಸ್ತ್ರವೆಂಬ ಹೊಸ ವಸ್ತುವು ಚಿತ್ರಕಾರನಿಗೆ ಹೊಸ ನಿಯಮವನ್ನು ಕಲಿಸಿತು.

ಆದರೆ ಈ ಚಿತ್ರವನ್ನು ಸಾಕ್ಷ್ಯವಾಗಿ ಹಿಡಿಯುವವರು ಒಂದು ಸಂಗತಿಯನ್ನು ಮರೆಯಬಾರದು. ಶ್ರೀರಂಗಪಟ್ಟಣವು ೧೭೯೯ರಲ್ಲಿ ಬಿದ್ದ ಮೇಲೆ ಇಲ್ಲಿ ವಾಸವಾಗಿದ್ದ ಕರ್ನಲ್ ವೆಲ್ಲೆಸ್ಲಿಯು ಈ ಚಿತ್ರಗಳನ್ನು ಸರಿಪಡಿಸಿದನು. ಮತ್ತೆ ೧೮೫೫ರಲ್ಲಿ ಲಾರ್ಡ್ ಡಾಲ್‌ಹೌಸಿಯ ಅಪ್ಪಣೆಯ ಮೇರೆಗೆ ಇವನ್ನು ಪುನಃ ಬರೆಯಿಸಲಾಯಿತು. ಹೊರರೇಖೆಯು ಹಳೆಯದಾಗಿದ್ದು ಅಂಗಿಯ ಪಟ್ಟೆಯು ಹೊಸದಾಗಿರಬಹುದು. ಗ್ರಂಥಸಂಪಾದನೆಯಲ್ಲಿ ಮೂಲಪಾಠವನ್ನೂ ಲಿಪಿಕಾರನು ಸೇರಿಸಿದುದನ್ನೂ ಬೇರ್ಪಡಿಸುವಂತೆ, ಚಿತ್ರದಲ್ಲಿಯೂ ಪ್ರಕ್ಷೇಪವನ್ನು ಗುರುತಿಸಿದಲ್ಲದೆ ಬಟ್ಟೆಯ ಮಾತನ್ನು ಎತ್ತಲಾಗದು.

ಮುಮ್ಮಡಿ ಕೃಷ್ಣರಾಜ ಒಡೆಯರ (೧೭೯೪-೧೮೬೮) ಆಸ್ಥಾನದಲ್ಲಿ ಸಿದ್ಧವಾದ ಶ್ರೀತತ್ತ್ವನಿಧಿಯು ಇನ್ನೊಂದು ವಿಧವಾದ ನಿದರ್ಶನ. ಒಂಬತ್ತು ನಿಧಿಗಳುಳ್ಳ ಈ ಗ್ರಂಥದಲ್ಲಿ ದೇವತೆಗಳ ಧ್ಯಾನಶ್ಲೋಕಗಳಿಗೆ ಅನುಸಾರವಾಗಿ ಸಣ್ಣ ಚಿತ್ರಗಳನ್ನು ಬರೆದಿದ್ದಾರೆ. ಪೀತಾಂಬರ, ರಕ್ತಾಂಬರ, ಶುಕ್ಲಾಂಬರವೆಂದು ಶ್ಲೋಕವು ವಿಧಿಸಿದಲ್ಲಿ ವಸ್ತ್ರದ ಬಣ್ಣವು ಚಿತ್ರಕಾರನದೂ ಅಲ್ಲ, ಕಾಲದ್ದೂ ಅಲ್ಲ, ಶಾಸ್ತ್ರದ್ದು. ಆದರೆ ಆ ಪೀತಾಂಬರಕ್ಕೆ ಎಂಥ ಅಂಚು, ಎಂಥ ಬುಟ್ಟಾ ಎಂಬುದನ್ನು ಶ್ಲೋಕವು ಹೇಳದು. ಅಲ್ಲಿ ಮೈಸೂರಿನ ಚಿತ್ರಗಾರನು ತಾನು ಕಂಡ ಬಟ್ಟೆಯನ್ನು ತರುವನು. ಒಂದೇ ಉಡುಪಿನಲ್ಲಿ ಬಣ್ಣವು ಒಂದು ಆಕರದಿಂದಲೂ ವಿನ್ಯಾಸವು ಇನ್ನೊಂದು ಆಕರದಿಂದಲೂ ಬಂದಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯು ದೊರಕಲಾರದು.

ಇದೇ ಮೈಸೂರು ಸಂಪ್ರದಾಯದ ಪಟಗಳಲ್ಲಿ ಜರಿಯನ್ನು ಬಣ್ಣದಿಂದ ಬರೆಯದೆ ಕಟ್ಟುವ ಕ್ರಮವುಂಟು. ಬಿಳಿಯ ಸಫೇದಾ ಪುಡಿಗೆ ಹಳದಿಯ ಮಕ್ಕಿಯನ್ನೂ ಅಂಟನ್ನೂ ಸೇರಿಸಿ, ಆ ಲೇಪದಿಂದ ಅಂಚು ಬುಟ್ಟಾಗಳನ್ನು ತೆಳುವಾಗಿ ಉಬ್ಬಿಸಿ, ಮೇಲೆ ಚಿನ್ನದ ರೇಕನ್ನು ಹಾಸುವರು. ನೆಯ್ದ ಬಟ್ಟೆಯಲ್ಲಿ ಜರಿಯು ಬೆರಳಿಗೆ ತಗಲುವಂತೆ ಪಟದಲ್ಲಿಯೂ ತಗಲುವುದು. ಗಂಜೀಫದ ಎಲೆಗಳಲ್ಲಿ ಇಷ್ಟಕ್ಕೂ ಎಡೆಯಿಲ್ಲ. ದಶಾವತಾರ ಗಂಜೀಫದ ೧೨೦ ಎಲೆಗಳಲ್ಲಿ ಒಂದೊಂದೂ ಅಂಗೈಯೊಳಗೆ ಅಡಗುವಷ್ಟು ಚಿಕ್ಕದು. ಅದರೊಳಗಿನ ದೇವತೆಯ ಉಡುಪು ಕೆಲವೇ ಗೆರೆಗಳಲ್ಲಿ ಮುಗಿಯಬೇಕು. ಸಂಕ್ಷೇಪವು ಇಲ್ಲಿ ಪರಾಕಾಷ್ಠೆಯನ್ನು ಮುಟ್ಟಿ, ವಿನ್ಯಾಸವು ಬಟ್ಟೆಯ ವರ್ಣನೆಯಾಗಿ ಉಳಿಯದೆ ಬಟ್ಟೆಯ ಸಂಜ್ಞೆಯಾಗುವುದು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಹಗುರವಾದ ಮರದ ಬೊಂಬೆಗಳಿಗೆ ಸೀರೆಯುಡಿಸುವಾಗಲೂ ಇದೇ ಸೂತ್ರ. ಮೈ ದುಂಡಾಗಿರುವುದರಿಂದ ಅಲ್ಲಿ ಮಡಿಕೆಯ ಭಾರವನ್ನು ಮರವೇ ಹೊರುವುದು. ಬಣ್ಣಕ್ಕೆ ಉಳಿಯುವುದು ಅಂಚು ಮತ್ತು ಬುಟ್ಟಾಗಳ ಕೆಲಸ ಮಾತ್ರ.

೭. ಉಪಸಂಹಾರ

ಮೇಲೆ ಹೇಳಿದುದರಿಂದ ಸಿದ್ಧವಾಗುವ ಅಂಶವಿದು. ಕಿರುರೂಪದ ವಸ್ತ್ರವು ಕನ್ನಡಿಯ ಬಿಂಬವಲ್ಲ, ಬರಿಯ ಅಲಂಕಾರವೂ ಅಲ್ಲ. ಅದೊಂದು ಸಂಕ್ಷಿಪ್ತಲಿಪಿ. ರೇಖೆಯಲ್ಲಿ ಮೈಯನ್ನೂ ವಿನ್ಯಾಸದಲ್ಲಿ ಮಗ್ಗವನ್ನೂ ಬೇರೆಬೇರೆಯಾಗಿ ಬರೆದಿಡುವ ಲಿಪಿ. ಲಿಪಿಯನ್ನು ತಿಳಿಯದವನು ಶಾಸನವನ್ನು ಓದಲಾರನಷ್ಟೆ. ಚಿತ್ರದ ವಿಷಯದಲ್ಲಿಯೂ ಅದೇ ಮಾತು. ಕಾವ್ಯಪಾಠದಲ್ಲಿ ನೇತ್ರ, ದೇವಾಂಗಾದಿ ಪದಗಳು ಬಂದಾಗ ಚಿತ್ರವೊಂದನ್ನು ತೋರಿಸಿ ಇದೇ ಅದೆನ್ನುವ ಅಧ್ಯಾಪಕರು, ಚಿತ್ರದ ಕಾಲವನ್ನೂ ಕಾವ್ಯದ ಕಾಲವನ್ನೂ ಮೊದಲು ಹೋಲಿಸಿ, ವಿನ್ಯಾಸದ ಜಾತಿಯನ್ನು ಹಿಡಿದು, ಬಣ್ಣವನ್ನೂ ಲೆಕ್ಕವನ್ನೂ ಬದಿಗಿರಿಸಿದರೆ ವಿದ್ಯಾರ್ಥಿಗೆ ನ್ಯಾಯವನ್ನು ಮಾಡಿದಂತಾಗುವುದು.

ಈ ಲಿಪಿಯ ಹಾಳೆಗಳು ಶಾಶ್ವತವಲ್ಲವೆಂಬುದು ಚಿಂತೆಯ ವಿಷಯ. ಲೇಪಾಕ್ಷಿಯ ದೇವಾಲಯವು ೨೦೨೨ರಲ್ಲಿ ವಿಶ್ವಪರಂಪರೆಯ ಸಂಭಾವ್ಯಸ್ಥಳಗಳ ಪಟ್ಟಿಯನ್ನು ಸೇರಿತು. ಆದರೆ ಛಾವಣಿಯ ಗಾರೆ ಅಲ್ಲಲ್ಲಿ ಉದುರಿದೆ, ಬಣ್ಣವು ಮಾಸಿದೆ. ಮೇಲೆ ಹಚ್ಚಿದ್ದು ಕೆಳಗಿನದಕ್ಕಿಂತ ಬೇಗ ಸವೆಯುವುದಾದ್ದರಿಂದ, ಇಂಥ ಚಿತ್ರಗಳಲ್ಲಿ ಮೊದಲು ಅಳಿಯುವುದು ಕಡೆಯಲ್ಲಿ ಸೂಕ್ಷ್ಮಲೇಖನಿಯಿಂದಿಟ್ಟ ಚುಕ್ಕೆ ಗೆರೆಗಳೇ. ರೂಪವು ಉಳಿದು ವಸ್ತ್ರವು ಅಳಿದರೆ, ನೋಡುವವರಿಗೆ ಚಿತ್ರವು ಇದ್ದಂತೆಯೇ ಕಾಣುವುದು; ಕಳೆದುಹೋದುದರ ಅರಿವೂ ಆಗದು. ಒಂದೊಂದು ಕಿರುರೂಪದ ಉಡುಪನ್ನೂ ಅಳತೆಯೊಡನೆ ಬರೆದು, ಮೂಲದ ಗೆರೆಯಾವುದು, ಈಚೆಗೆ ತಿದ್ದಿದ ಗೆರೆಯಾವುದು ಎಂಬ ಗುರುತಿನೊಡನೆ ಪ್ರಕಟಿಸುವುದು ಈ ವಿಷಯದಲ್ಲಿ ಮುಂದೆ ಆಗಬೇಕಾದ ಮೊದಲ ಕೆಲಸ. ನಂಗಲಿಯ ಘಟ್ಟವನ್ನು ಹತ್ತಿ ಇಳಿದವರ ಬಟ್ಟೆಯನ್ನು ಮಣ್ಣು ಉಳಿಸಲಿಲ್ಲ. ಚಿತ್ರಕಾರನು ಉಳಿಸಿಕೊಟ್ಟುದನ್ನಾದರೂ ಓದುವವರು ಉಳಿಸಿಕೊಳ್ಳತಕ್ಕದ್ದು.